ರಾಯವ್ವನ ಗಂಡನ ಹೆಸರು

ನನ್ನ ಮಗಳು ಶಿವಾನಿ ರೇಡಿಯೋದಲ್ಲಿ ರಾಯವ್ವನ ಗಂಡನ ಹೆಸರನ್ನು ತಪ್ಪು ಹೇಳಿದ್ದು ಒಂದು ಮಂಗಳವಾರ ಸಂಜೆ, ಆರಕ್ಕೆ ಹದಿನೈದು ನಿಮಿಷ ಇದ್ದಾಗ. ನಾನು ಎಮ್ಮೆಯ ಮುಂದೆ ಮೇವು ಹಾಕಿ, ಕೈ ಒರೆಸಿಕೊಳ್ಳುತ್ತ, ಗೋದಲಿಯ ಕಟ್ಟೆಯ ಮೇಲಿಟ್ಟ ಸಣ್ಣ ರೇಡಿಯೋದ ದನಿ ಏರಿಸಿದ್ದೆ. ಮಗಳು ಮಾತಾಡುವಾಗ ನನಗೆ ಮಾತಿನ ಅರ್ಥ ತಡವಾಗಿಯೇ ಹತ್ತುವುದು. ಮೊದಲು ಅವಳಿಗೆ ನೆಗಡಿ ಇದೆಯೋ, ಮಧ್ಯಾಹ್ನದ ಡಬ್ಬಿ ಪೂರ್ತಿ ತಿಂದಿದ್ದಾಳೋ ಇಲ್ಲವೋ ಎಂಬುದಷ್ಟೇ ಕೇಳಿಸುತ್ತದೆ. ಹಾಗಾಗಿ ಆ ತಪ್ಪು ನನ್ನ ಕಿವಿಯ ಪಕ್ಕದಿಂದಲೇ ಹಾದುಹೋಯಿತು.

ನಮ್ಮೂರು ಕಿತ್ತೂರಿಗೂ ಎಂ.ಕೆ. ಹುಬ್ಬಳ್ಳಿಗೂ ನಡುವೆ, ಹೆದ್ದಾರಿ ಬಿಟ್ಟು ಒಳಗಿದೆ. ಕಿತ್ತೂರಿನ ಅಂಚಿನಲ್ಲಿ ಒಂದು ಟ್ರಸ್ಟಿನವರು ಹಳೆಯ ಬೀಜದ ಗೋದಾಮಿನ ಎರಡು ಕೋಣೆಗಳಲ್ಲಿ ಸಮುದಾಯ ರೇಡಿಯೋ ನಡೆಸುತ್ತಾರೆ. ಅದು ಸುತ್ತಲಿನ ಹತ್ತು ಹನ್ನೆರಡು ಕಿಲೋಮೀಟರಿಗಷ್ಟೇ ಕೇಳಿಸುವುದು. ಬೈಲಹೊಂಗಲದ ಬಸ್ಸು ಹತ್ತಿದರೆ ಅರ್ಧ ದಾರಿಯಲ್ಲೇ ಗರಗರ ಎಂದು ಸುಮ್ಮನಾಗುತ್ತದೆ. ಅಲ್ಲಿ ಸಂಜೆ ಐದೂವರೆಯಿಂದ ಆರರವರೆಗೆ ‘ಸಾಲಿ ಬಿಟ್ಟ ಮ್ಯಾಲ’ ಎಂಬ ಕಾರ್ಯಕ್ರಮ. ಮಾತಾಡುವವರೂ ಹುಡುಗರು, ಕೇಳುವವರೂ ಹುಡುಗರು. ನೇರ ಪ್ರಸಾರವಾದ್ದರಿಂದ ನಡುನಡುವೆ ಫೋನುಗಳು ಬರುತ್ತವೆ. ಹಾಲಿನ ಡೇರಿಯಿಂದ, ಹೊಲದ ಗುಡಿಸಲಿನಿಂದ, ಕೆಲವೊಮ್ಮೆ ಕಬ್ಬು ಹೇರಿದ ಟ್ರ್ಯಾಕ್ಟರಿನ ಮೇಲಿಂದ. ಒಂದೂರಿನ ಹುಡುಗ ಭಾಗಾಕಾರದಲ್ಲಿ ಸಿಕ್ಕಿಬಿದ್ದರೆ ಇನ್ನೊಂದೂರಿನ ಹುಡುಗಿ ಫೋನು ಹಚ್ಚಿ ಬಿಡಿಸುತ್ತಾಳೆ. ಒಂಬತ್ತನೆಯ ತರಗತಿಯ ಶಿವಾನಿ ಜೂನ್ ತಿಂಗಳಿಂದ ಅಲ್ಲಿ ಮೈಕಿನ ಮುಂದೆ ಕೂಡುತ್ತಿದ್ದಳು. ಶಾಲೆಯಿಂದ ನೆಟ್ಟಗೆ ಅಲ್ಲಿಗೆ ಹೋಗಿ, ಆರೂಕಾಲರ ಟಂಟಂ ರಿಕ್ಷಾ ಹಿಡಿದು ಮನೆಗೆ ಬರುವಳು.

ಆ ದಿನ ಅವಳು ಹಾಕಿದ್ದು ನಮ್ಮ ಓಣಿಯ ರಾಯವ್ವನ ಮಾತು. ರಾಯವ್ವನಿಗೆ ಎಂಬತ್ತರ ಹತ್ತಿರ. ಸಣ್ಣವಳಿದ್ದಾಗ ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದುದನ್ನು ಬಲು ಚೆಂದ ಹೇಳುತ್ತಾಳೆ. ಶಿವಾನಿ ಅದನ್ನು ಭಾನುವಾರ ಧ್ವನಿ ಮುದ್ರಿಸಿಕೊಂಡು ಬಂದಿದ್ದಳು. ರೇಡಿಯೋದವರದು ಒಂದು ನಿಯಮವಿದೆ. ಯಾರ ಮಾತು ಮುದ್ರಿಸಿದರೂ ಮೊದಲಿಗೆ ಅವರೇ ತಮ್ಮ ಪೂರ್ತಿ ಹೆಸರು, ಊರು, ಒಪ್ಪಿಗೆ ಮೂರನ್ನೂ ಬಾಯಿಬಿಟ್ಟು ಹೇಳಬೇಕು. ರಾಯವ್ವ ತನ್ನ ಹೆಸರು ಹೇಳಿದಳು, ಊರು ಹೇಳಿದಳು, ಹಾಕಿಕೋ ಅಂದಳು. ಪೂರ್ತಿ ಹೆಸರಿಗೆ ಬೇಕಾದ ಗಂಡನ ಹೆಸರಿನ ಹೊತ್ತಿಗೆ ಮಾತ್ರ ಬಾಯಿ ಮುಚ್ಚಿದಳು. ನಮ್ಮ ಕಡೆ ಆ ವಯಸ್ಸಿನ ಹೆಂಗಸರು ಗಂಡನ ಹೆಸರನ್ನು ಬರಿಬಾಯಲ್ಲಿ ಎತ್ತುವವರಲ್ಲ. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ಹೆಂಗಸರೆಲ್ಲ ಸುತ್ತುಗಟ್ಟಿ ಕಾಡಿದರೆ ಎರಡು ಸಾಲಿನ ಒಡಪು ಕಟ್ಟಿ, ಅದರ ಮಡಿಲಲ್ಲಿ ಹೆಸರನ್ನು ಇಟ್ಟು ಹೇಳುತ್ತಾರೆ. ಯಂತ್ರ ಹಿಡಿದ ಒಬ್ಬ ಹುಡುಗಿಯ ಮುಂದೆ ಒಡಪು ಎಲ್ಲಿಂದ ಬರಬೇಕು?

ಮಂಗಳವಾರ ಆ ಹೆಸರಿನ ಜಾಗವನ್ನು ಶಿವಾನಿ ತಾನೇ ತುಂಬಿದಳು. “ಇವರು ರಾಯವ್ವ ಹಣಮಂತಪ್ಪ” ಎಂದು ಸ್ಪಷ್ಟವಾಗಿ, ನಿಧಾನವಾಗಿ, ಕಲಿಸಿಕೊಟ್ಟ ಹಾಗೆಯೇ ಹೇಳಿದಳು.

ಸಂಜೆ ಮನೆಗೆ ಬಂದ ನನ್ನ ಗಂಡ ಸುಭಾಸ ಕಾಲು ತೊಳೆಯುವ ಮೊದಲೇ ವಿಷಯ ತೆಗೆದ. ಅವನು ಕಬ್ಬಿನ ಟ್ರ್ಯಾಕ್ಟರು ಹೊಡೆಯುತ್ತಾನೆ. ಸಕ್ಕರೆ ಕಾರ್ಖಾನೆಯ ಮುಂದೆ ಗಾಡಿಗಳ ಸಾಲಿನಲ್ಲಿ ನಿಂತ ಚಾಲಕರೆಲ್ಲ ಹೊತ್ತು ಹೋಗಲೆಂದು ರೇಡಿಯೋ ಹಚ್ಚಿರುತ್ತಾರೆ. ನಮ್ಮೂರಿನವರೇ ಏಳೆಂಟು ಜನ.

“ಹಣಮಂತಪ್ಪ ಸತ್ತ ಇಪ್ಪತ್ತ ವರ್ಷ ಆತು. ನಿನ್ನ ಮಗಳು ಇವತ್ತ ಅವಂಗ ಎರಡನೇ ಲಗ್ನಾ ಮಾಡ್ಯಾಳ. ಅದೂ ಸ್ವಂತ ತಮ್ಮನ ಹೇಣತಿ ಕೂಡ” ಅಂದ.

ನನ್ನ ಕೈಯಲ್ಲಿದ್ದ ಚೆಂಬು ಅಲ್ಲೇ ನಿಂತಿತು. ರಾಯವ್ವನ ಗಂಡ ಶಂಕರೆಪ್ಪ. ಕಿವಿ ಮಂದವಾದ ಮುದುಕ, ಇನ್ನೂ ಗಟ್ಟಿಯಾಗಿದ್ದಾನೆ; ಓಣಿಯ ಹುಡುಗರಿಗೆ ಅವನು ಬರೀ ಅಜ್ಜ, ಹೆಸರು ಗೊತ್ತಿಲ್ಲ. ಹಣಮಂತಪ್ಪ ಅವನ ಅಣ್ಣ. ಹಣಮಂತಪ್ಪನ ಹೆಂಡತಿ ಸೀತವ್ವ ಅದೇ ಅಂಗಳದ ಎದುರು ಬಾಗಿಲಲ್ಲಿದ್ದಾಳೆ. ಅರವತ್ತು ವರ್ಷದಿಂದ ಆ ಇಬ್ಬರು ನೆಗೆಣ್ಣಿಯರು ಒಂದೇ ಅಂಗಳ ಕಸ ಹೊಡೆದವರು.

ಆ ಹೆಸರು ಶಿವಾನಿಗೆ ಸಿಕ್ಕಿದ್ದು ನನ್ನಿಂದ. ಭಾನುವಾರ ರೊಟ್ಟಿ ಬಡಿಯುತ್ತಿದ್ದಾಗ ಅವಳು ಬಂದು ರಾಯವ್ವ ಆಯಿಯ ಗಂಡನ ಹೆಸರೇನು ಎಂದು ಕೇಳಿದ್ದಳು. ನಾನು ಸವದತ್ತಿ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದ ದಿನದಿಂದ ಆ ಮನೆಯನ್ನು ಎಲ್ಲರೂ ಹಣಮಂತಪ್ಪನ ಮನೆ ಅಂತಲೇ ಕರೆಯುತ್ತಾರೆ. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಹಣಮಂತಪ್ಪ ಅಂದುಬಿಟ್ಟೆ.

ನನಗೆ ಇನ್ನೊಂದು ಗೊತ್ತಿರಲಿಲ್ಲ. ನಾನು ಹೇಳಿದ್ದನ್ನು ಶಿವಾನಿ ಹಾಗೆಯೇ ನಂಬಿರಲಿಲ್ಲ. ಸೋಮವಾರ ಶಾಲೆಗೆ ಹೋಗುವಾಗ ರಾಯವ್ವನ ಬಾಗಿಲಲ್ಲಿ ನಿಂತು, ಹಣಮಂತಪ್ಪ ಅಲ್ಲೇನ್ರಿ ಆಯಿ ಎಂದು ಕೇಳಿದ್ದಳಂತೆ. ರಾಯವ್ವ ಏನೂ ಹೇಳದೆ ತಲೆಯ ಮೇಲೆ ಸೆರಗು ಎಳೆದುಕೊಂಡಳಂತೆ. ಗಂಡನ ಹೆಸರು ಕೇಳಿ ನಾಚಿಕೊಂಡಳು ಅಂದುಕೊಂಡು ಇವಳು ಶಾಲೆಗೆ ಓಡಿದ್ದಳು.

ಊಟಕ್ಕೆ ಕುಳಿತಾಗ ಅವಳಿಗೆ ಬಿಡಿಸಿ ಹೇಳಿದೆ. ಭಾವನ ಹೆಸರು ಕಿವಿಗೆ ಬಿದ್ದರೂ ಆ ಕಾಲದ ಸೊಸೆಯಂದಿರು ಸೆರಗು ಹೊದೆಯುತ್ತಾರೆ. ಆ ಹೆಸರನ್ನೂ ಅವರು ಬಾಯಲ್ಲಿ ತರುವುದಿಲ್ಲ. ಅದು ಅವರಲ್ಲ, ಇವರು ಎಂದು ತಿದ್ದಬೇಕೆಂದರೆ ರಾಯವ್ವ ಎರಡು ಹೆಸರನ್ನೂ ಹೇಳಬೇಕಾಗಿತ್ತು.

ಶಿವಾನಿ ತಾಟಿನಲ್ಲಿ ಬೆರಳಾಡಿಸುತ್ತ ಕುಳಿತಿದ್ದಳು. ನಾಳೆ ನಾನೇ ಬಂದು ನಿಮ್ಮ ರೇಡಿಯೋದ ಸರ್‌ಗೆ ಹೇಳುತ್ತೇನೆ, ತಪ್ಪು ನನ್ನದು ಎಂದೆ.

“ಬ್ಯಾಡವ್ವ. ಮೈಕಿನ ಮುಂದ ಕುಂತಾಕಿ ನಾನು” ಅಂದಳು. ರೊಟ್ಟಿಯ ಚೂರು ಮುರಿಯುತ್ತ, “ಆಕಿ ಹೌದು ಅಂದಿರಲಿಲ್ಲ. ಹೌದು ಅಂತ ನಾ ತಿಳಕೊಂಡೆ” ಅಂದಳು. ಅತ್ತಾಳೇನೋ ಎಂದು ನೋಡಿದೆ. ಅಳಲಿಲ್ಲ. ಉಳಿದ ರೊಟ್ಟಿ ತಿಂದು ತಾಟು ತೊಳೆದಿಟ್ಟಳು.

ಬುಧವಾರ ಬೆಳಿಗ್ಗೆ ಇಬ್ಬರೂ ಆ ಅಂಗಳಕ್ಕೆ ಹೋದೆವು. ರಾಯವ್ವನ ಬಾಗಿಲು ಮುಚ್ಚಿತ್ತು. ಶಂಕರೆಪ್ಪ ಕಟ್ಟೆಯ ಮೇಲೆ ಕುಳಿತು, ಮನೆಯಾಕೆ ನಿನ್ನೆಯಿಂದ ಉಣ್ಣುತ್ತಿಲ್ಲ, ಜ್ವರ ಬಂದಿದೆಯೋ ಏನೋ ಎಂದು ಗಟ್ಟಿಯಾಗಿ ನಮಗೆ ಹೇಳಿದ. ಚಹಾದ ಅಂಗಡಿಯಲ್ಲಿ ಯಾರೋ ಅವನ ಕಿವಿಗೆ ಬಾಯಿಟ್ಟು ಚೇಷ್ಟೆ ಮಾಡಿದ್ದರಂತೆ. ಅವನಿಗೆ ಅರ್ಥವಾಗಿರಲಿಲ್ಲ. ನಗುತ್ತಿದ್ದಾರೆಂದು ತಾನೂ ನಕ್ಕು ಬಂದಿದ್ದ.

ಎದುರು ಬಾಗಿಲಿನಿಂದ ಸೀತವ್ವ ಹೊರಗೆ ಬಂದಳು. ರಾಯವ್ವನಿಗಿಂತ ಆರೇಳು ವರ್ಷ ದೊಡ್ಡವಳು, ಬೆನ್ನು ಬಾಗಿದ್ದರೂ ಮಾತು ನೆಟ್ಟಗೆ.

“ಬಾ ಯವ್ವಾ, ರೇಡಿಯೋದಾಕಿ. ಈ ಮನ್ಯಾಗ ಇನ್ನ ಯಾರ ಗಂಡನ್ನ ಯಾರಿಗೆ ಕೊಡಾಕಿ ಅದಿ?”

ಶಿವಾನಿ ಕೈ ಮುಗಿದು ತಪ್ಪಾಯಿತು ಅಂದಳು. ಸೀತವ್ವ ಸೊಂಟಕ್ಕೆ ಕೈಕೊಟ್ಟು ಅವಳನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದಳು. ರಾಯವ್ವನ ಬಾಗಿಲು ತೆರೆಯಲೇ ಇಲ್ಲ.

ಅದೇ ದಿನ ಮಧ್ಯಾಹ್ನ ರೇಡಿಯೋದ ಮುಖ್ಯಸ್ಥ ದಿಗಂಬರ ಸರ್ ನನಗೂ ಬರಹೇಳಿದರು. ಅವರು ಸಿಟ್ಟಿನ ಮನುಷ್ಯರಲ್ಲ. ಟ್ರಸ್ಟಿನ ಹಿರಿಯರಿಗೆ ನಿನ್ನೆ ಸಂಜೆಯಿಂದ ಹದಿನಾರು ಫೋನು ಬಂದಿವೆಯಂತೆ. ಮಕ್ಕಳ ಕೈಗೆ ನೇರ ಪ್ರಸಾರ ಕೊಟ್ಟದ್ದೇ ತಪ್ಪು, ಇನ್ನು ಮುಂದೆ ಮೊದಲೇ ಮುದ್ರಿಸಿ, ದೊಡ್ಡವರು ಕೇಳಿ ಒಪ್ಪಿದ್ದನ್ನಷ್ಟೇ ಹಾಕಿ ಎಂದಿದ್ದಾರಂತೆ. ಶನಿವಾರ ಅವರ ಸಭೆ. ಶುಕ್ರವಾರದ ಕಾರ್ಯಕ್ರಮದೊಳಗೆ ತಪ್ಪು ತಿದ್ದಿದರೆ ತಾವು ಮಕ್ಕಳ ಪರವಾಗಿ ಮಾತಾಡಬಹುದು, ಇಲ್ಲದಿದ್ದರೆ ಆಗದು ಎಂದರು.

ಮುದ್ರಿಸಿ ಹಾಕಿದರೆ ಫೋನು ಇರುವುದಿಲ್ಲ. ಭಾಗಾಕಾರದಲ್ಲಿ ಸಿಕ್ಕ ಹುಡುಗ ಸಿಕ್ಕಲ್ಲೇ ಇರುತ್ತಾನೆ. ಅದು ನನಗೂ ಗೊತ್ತಿತ್ತು, ಶಿವಾನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ತಾನೇ ಸರಿಯಾದ ಹೆಸರು ಹೇಳಿ ಕ್ಷಮೆ ಕೇಳಬಹುದೇ ಎಂದು ಅವಳು ಕೇಳಿದಳು.

“ಹೇಳಬಹುದು. ಆದ್ರ ಅದೂ ಮತ್ತ ನೀನ ಹೇಳಿದಂಗ ಆಗತದ” ಅಂದರು ದಿಗಂಬರ ಸರ್. “ಆಕಿ ಬಾಯಾಗಿನ ಮಾತು ನೀ ಆಡಿದ್ದಕ್ಕ ಇಷ್ಟೆಲ್ಲಾ ಆಗ್ಯದ. ಆಕಿ ದನಿ ಬೇಕು, ತಂಗಿ.”

ಮನೆ ಹತ್ತಿರ ಬಂದಾಗ ಶಿವಾನಿ, ನಾಳೆ ಶಾಲೆ ಬಿಟ್ಟ ಮೇಲೆ ರೇಡಿಯೋಕ್ಕೆ ಹೋಗುವುದಿಲ್ಲ, ಆ ಅಂಗಳದಲ್ಲಿ ಕೂಡುತ್ತೇನೆ, ಅವರು ಬಾಗಿಲು ತೆಗೆಯುವವರೆಗೆ ಎಂದಳು. ಒತ್ತಾಯ ಮಾಡಬಾರದು ಎಂದೆ. ಒತ್ತಾಯ ಮಾಡುವುದಿಲ್ಲ, ಬರೀ ಕೂಡುತ್ತೇನೆ ಎಂದಳು.

ಗುರುವಾರ ನಾನೂ ಜೊತೆಗೆ ಹೋದೆ. ಬರಿಗೈಲಿ ಕೂಡುವುದು ನನಗೆ ಆಗದು. ಬೀಜಕ್ಕೆಂದು ಸುಲಿಯಬೇಕಾಗಿದ್ದ ಶೇಂಗಾ ಒಂದು ಬುಟ್ಟಿ ಎತ್ತಿಕೊಂಡು ಹೋದೆ. ಅಂಗಳದ ನಡುವೆ ಚಾಪೆ ಹಾಸಿ ಇಬ್ಬರೂ ಸುಲಿಯತೊಡಗಿದೆವು. ಶಂಕರೆಪ್ಪ ಬಂದು ತಾನೂ ಒಂದು ಮುಷ್ಟಿ ತೆಗೆದುಕೊಂಡು, ಸುಲಿದದ್ದಕ್ಕಿಂತ ಹೆಚ್ಚು ತಿಂದ. ಅರ್ಧ ಬುಟ್ಟಿ ಮುಗಿಯುವ ಹೊತ್ತಿಗೆ ರಾಯವ್ವನ ಬಾಗಿಲು ಕಿರ್ ಎಂದಿತು. ಅವಳು ಹೊಸ್ತಿಲ ಮೇಲೆ ಕುಳಿತು ನಮ್ಮ ಕೈಗಳನ್ನೇ ನೋಡತೊಡಗಿದಳು. ನನಗೆ ತಡೆಯಲಾಗಲಿಲ್ಲ. ಹೆಸರು ಹೇಳಿದವಳು ನಾನು, ರೊಟ್ಟಿ ಸೀಯುತ್ತಿತ್ತು, ಯೋಚಿಸದೆ ಅಂದೆ ಎಂದೆ.

“ನಿಮ್ಮ ಮ್ಯಾಲ ಸಿಟ್ಟಿಲ್ಲ ಬಿಡ” ಅಂದಳು ರಾಯವ್ವ. “ಅಕ್ಕನ ಮಾರಿ ನೋಡಾಕ ಆಗವಲ್ದು. ದಿನಾ ಮಜ್ಜಿಗಿ ಕೊಡಾಕಿ, ಎರಡ ದಿನ ಆತು, ಕೊಟ್ಟಿಲ್ಲ.”

ಎಂಬತ್ತರ ಹೆಂಗಸು ಮಜ್ಜಿಗೆಗಾಗಿ ಅಳುವುದನ್ನು ನಾನು ಕಂಡಿರಲಿಲ್ಲ. ಶಿವಾನಿ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. ನಾನು ಕೈ ಹಿಡಿಯುವುದರೊಳಗೆ ಅಂಗಳ ದಾಟಿ ಸೀತವ್ವನ ಬಾಗಿಲಿಗೆ ಹೋದಳು. ಸೀತವ್ವ ಒಳಗೆ ಮೊರ ಹಿಡಿದು ಕುಳಿತಿದ್ದಳು. ಮತ್ತೊಂದು ಬೈಗುಳ ತಿಂದು ಬರುತ್ತಾಳೆ ಅಂದುಕೊಂಡೆ. ಆದರೆ ಶಿವಾನಿ ಕ್ಷಮೆ ಕೇಳಲಿಲ್ಲ. ಹಕ್ಕಿ ಕಾಯಲು ರಾಯವ್ವ ಆಯಿಯ ಜೊತೆ ನೀವೂ ಹೋಗುತ್ತಿದ್ದಿರೇನು ಎಂದು ಕೇಳಿದಳು.

ಸೀತವ್ವನ ಮೊರ ನಿಂತಿತು.

“ಆಕಿ ತವರಮನಿ ಹೊಲದಾಗ ಕಾದಾಕಿ, ನಾ ನನ್ನ ತವರಮನಿ ಹೊಲದಾಗ. ಇಲ್ಲಿ ಬಂದ ಮ್ಯಾಲ ಇಬ್ಬರೂ ಕೂಡೇ ಕಾದೇವಿ. ನನ್ನ ಕವಣಿ ಕಲ್ಲ ಆಕಿ ಕಲ್ಲಿಗಿಂತ ದೂರ ಹೋಗತಿತ್ತ” ಅಂದಳು. ಮೊರ ಕೆಳಗಿಟ್ಟಳು. “ಇಪ್ಪತ್ತ ವರ್ಷದಾಗ ನಮ್ಮವರ ಹೆಸರ ಯಾರೂ ಹಂಗ ಗಟ್ಟ್ಯಾಗಿ ತಗೊಂಡಿದ್ದಿಲ್ಲ. ಕೇಳಿ ಎದಿ ಝಲ್ ಅಂತು. ನನ್ನ ಹೆಸರ ಬರತೈತಿ ಅಂತ ಕಾದೆ. ಬರಲಿಲ್ಲ.”

ಶಿವಾನಿ ಬಾಗಿಲ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು. ನಾಳೆ ರೇಡಿಯೋಕ್ಕೆ ನೀವು ಬರುತ್ತೀರಾ ಎಂದು ಮೆಲ್ಲಗೆ ಕೇಳಿದಳು. ರಾಯವ್ವ ಆಯಿ ಬಾರದಿದ್ದರೂ ನೀವು ಬನ್ನಿ, ನಿಮ್ಮ ಹೆಸರು ನಾನು ಕೇಳಿಯೇ ಇರಲಿಲ್ಲ ಎಂದಳು. ಸೀತವ್ವ ಎದ್ದಳು. ಮೂಲೆಯ ಗಡಿಗೆಯಿಂದ ಒಂದು ತಂಬಿಗೆ ಮಜ್ಜಿಗೆ ಬಗ್ಗಿಸಿ, ಶಿವಾನಿಯ ಕೈಗೆ ಕೊಡದೆ ತಾನೇ ಹಿಡಿದು, ಅಂಗಳ ದಾಟಿ ರಾಯವ್ವನ ಹೊಸ್ತಿಲ ಮೇಲೆ ಇಟ್ಟಳು.

“ಕುಡಿ. ನಾಳೆ ಇಬ್ಬರೂ ಹೋಗೂದೈತಿ” ಅಂದಳು.

ಶುಕ್ರವಾರ ಐದು ಗಂಟೆಗೆ ಇಬ್ಬರು ಮುದುಕಿಯರನ್ನು ಟಂಟಂ ಹತ್ತಿಸಿಕೊಂಡು ಹೊರಟೆವು. ರಾಯವ್ವ ಇಳಕಲ್ ಸೀರೆ ಉಟ್ಟಿದ್ದಳು. ದಾರಿಯಲ್ಲಿ ನಾಲ್ಕು ಸಲ, ತನ್ನಿಂದ ಆಗುವುದಿಲ್ಲ ಅಂದಳು. ನಾಲ್ಕು ಸಲವೂ ಸೀತವ್ವ, ಆಗದಿದ್ದರೆ ಕಿತ್ತೂರು ನೋಡಿಕೊಂಡು ಬರೋಣ ಅಂದಳು. ಶಿವಾನಿ ಮುಂದೆ ಕುಳಿತು ಹಿಂತಿರುಗಿಯೂ ನೋಡಲಿಲ್ಲ. ಒಡಪು ಹೇಳಿ ಎಂದಾಗಲೀ ಹೀಗೆ ಹೇಳಿ ಎಂದಾಗಲೀ ಅವಳು ಒಂದು ಮಾತೂ ಆಡಿರಲಿಲ್ಲ.

ಧ್ವನಿಮುದ್ರಣದ ಕೋಣೆಯ ಗೋಡೆಗೆಲ್ಲ ದಪ್ಪ ಬಟ್ಟೆ ಹೊಡೆದಿದ್ದಾರೆ. ದನಿ ಬರುತ್ತದೆಂದು ಫ್ಯಾನು ಹಾಕುವುದಿಲ್ಲ. ಯಂತ್ರ ನೋಡಿಕೊಳ್ಳುವ ಪ್ರಿಯಂವದಾ ಎಂಬ ಹುಡುಗಿ ಮುದುಕಿಯರಿಗೆ ಕುರ್ಚಿ ಕೊಟ್ಟು, ಮೈಕು ಬಗ್ಗಿಸಿ, ಗಾಜಿನ ಆಚೆಗೆ ಹೋಗಿ ಕುಳಿತಳು. ದಿಗಂಬರ ಸರ್ ಅವಳ ಹಿಂದೆ ನಿಂತರು. ನಾನು ಮೂಲೆಯಲ್ಲಿ ಸೆರಗಿನ ತುದಿ ಹಿಡಿದು ಕುಳಿತೆ.

ಕೆಂಪು ದೀಪ ಹತ್ತಿತು. ಮಂಗಳವಾರ ತಾನು ಒಂದು ತಪ್ಪು ಮಾಡಿದೆ ಎಂದು ಶಿವಾನಿ ಹೇಳಿದಳು. ಒಬ್ಬರು ಬಾಯಿಬಿಟ್ಟು ಹೇಳದ ಹೆಸರನ್ನು ತಾನೇ ಹೇಳಿದ್ದು ತಪ್ಪು, ಅದು ಬೇರೆ ಹೆಸರಾಗಿದ್ದು ಇನ್ನೂ ದೊಡ್ಡ ತಪ್ಪು, ಇಬ್ಬರು ಆಯಿಯಂದಿರಿಗೂ ಕ್ಷಮೆ ಕೇಳುತ್ತೇನೆ ಎಂದಳು. ಆಮೇಲೆ ಮೈಕನ್ನು ರಾಯವ್ವನ ಕಡೆ ಸರಿಸಿದಳು.

“ಆಯಿ, ನಿಮ್ಮ ಹೆಸರ ಹೇಳ್ರಿ.”

“ರಾಯವ್ವ” ಅಂದಳು ರಾಯವ್ವ. ಅಲ್ಲಿಗೆ ನಿಂತಳು.

ರೇಡಿಯೋದಲ್ಲಿ ಮೂರು ಸೆಕೆಂಡು ಸುಮ್ಮನಿದ್ದರೆ ಕೇಳುವವರು ಬೇರೆ ಕಡೆ ತಿರುಗಿಸುತ್ತಾರೆ ಎಂದು ಹುಡುಗರಿಗೆ ಮೊದಲ ದಿನವೇ ಕಲಿಸಿರುತ್ತಾರೆ. ಮೂರಾಯಿತು. ಐದಾಯಿತು. ರಾಯವ್ವನ ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಗಾಜಿನ ಆಚೆ ದಿಗಂಬರ ಸರ್ ಹಾಡು ಹಾಕುವಂತೆ ಬೆರಳು ತಿರುಗಿಸಿದರು. ಪ್ರಿಯಂವದಾಳ ಕೈ ಗುಂಡಿಯ ಮೇಲೆ ಹೋಯಿತು. ನನ್ನ ಬಾಯಿತುದಿಗೆ ಆ ಹೆಸರು ಬಂದು ನಿಂತಿತ್ತು. ಒಂದೇ ಒಂದು ಮಾತು, ನಾನೇ ಅಂದುಬಿಟ್ಟರೆ ಮುಗಿಯುತ್ತಿತ್ತು. ಶಿವಾನಿ ಗಾಜಿನ ಕಡೆ ಎಡಗೈ ಅಂಗೈ ಎತ್ತಿ ತಡೆದಳು. ನನ್ನ ಕಡೆ ನೋಡಲೂ ಇಲ್ಲ. ಕಣ್ಣು ರಾಯವ್ವನ ಮುಖದ ಮೇಲಿತ್ತು, ಆ ಕಣ್ಣಲ್ಲಿ ಅವಸರವಿರಲಿಲ್ಲ. ಹೊರಗೆ ಹೆದ್ದಾರಿಯಲ್ಲಿ ಒಂದು ಲಾರಿ ಹೋದದ್ದು ಆ ದಪ್ಪ ಬಟ್ಟೆಯೊಳಗೂ ಕೇಳಿಸಿತು. ಹತ್ತಾಯಿತೋ ಇಪ್ಪತ್ತಾಯಿತೋ ನನಗೆ ತಿಳಿಯದು. ಆ ಅಂಗೈ ಮಾತ್ರ ಇಳಿಯಲಿಲ್ಲ.

ರಾಯವ್ವ ತಲೆಯ ಮೇಲೆ ಸೆರಗು ಸರಿಮಾಡಿಕೊಂಡಳು. ಮದುಮಗಳ ಹಾಗೆ ನೆಲ ನೋಡುತ್ತ, ಒಂದೇ ಉಸಿರಿನಲ್ಲಿ ಹೇಳಿದಳು:

“ಕಣದಾಗ ನಿಂತ ಗಾಳಿಗೆ ತೂರೇನಿ ಜ್ವಾಳ,
ಕಿವಿ ಕೇಳದ ಶಂಕರೆಪ್ಪಗ ನನ್ನ ಮ್ಯಾಲ ಜೀವ ಭಾಳ.”

ಗಾಜಿನ ಆಚೆ ಪ್ರಿಯಂವದಾ ಬಾಯಿಗೆ ಕೈ ಅಡ್ಡ ಹಿಡಿದಳು. ಶಿವಾನಿ ನಗಲಿಲ್ಲ. ಊರು ಕೇಳಿದಳು, ಒಪ್ಪಿಗೆ ಕೇಳಿದಳು. ಎರಡಕ್ಕೂ ರಾಯವ್ವ ಗಟ್ಟಿಯಾಗಿ ಉತ್ತರ ಕೊಟ್ಟಳು. ಮೈಕು ಸೀತವ್ವನ ಕಡೆ ಹೋಯಿತು.

ಗಂಡ ಹೋದ ಹೆಂಗಸರಿಗೆ ಒಡಪು ಹೇಳಲು ಯಾರೂ ಕೇಳುವುದಿಲ್ಲ. ಅಂಥ ಸಮಾರಂಭದಲ್ಲಿ ಅವರನ್ನು ಹಿಂದೆ ಕೂಡಿಸುತ್ತಾರೆ. ಶಿವಾನಿಗೆ ಅದು ಗೊತ್ತಿತ್ತೋ ಇಲ್ಲವೋ, ರಾಯವ್ವನನ್ನು ಕೇಳಿದ ಹಾಗೆಯೇ ಇವಳನ್ನೂ ಕೇಳಿದಳು. ಈ ಸಲ ಕಾಯಬೇಕಾಗಲಿಲ್ಲ.

“ನಾ ಒಡಪ ಹೇಳೂದಿಲ್ಲ. ಬರೇ ಹೆಸರ ಹೇಳತೇನಿ” ಅಂದಳು ಸೀತವ್ವ. ಬಾಗಿದ ಬೆನ್ನು ಎಷ್ಟು ನೆಟ್ಟಗಾಗುವುದೋ ಅಷ್ಟು ನೆಟ್ಟಗಾಯಿತು. “ಸೀತವ್ವ ಹಣಮಂತಪ್ಪ. ಹಣಮಂತಪ್ಪನ ಹೇಣತಿ ನಾನು.”

ರಾಯವ್ವ ಸೆರಗು ಎಳೆದುಕೊಂಡಳು. ಎಳೆದುಕೊಂಡೇ ಅಕ್ಕನ ಕೈ ಹಿಡಿದಳು.

ಗಾಜಿನ ಆಚೆ ಫೋನಿನ ದೀಪ ಮಿನುಗತೊಡಗಿತ್ತು. ಪ್ರಿಯಂವದಾ ತಿರುಗಿ ನೋಡಿದಳು. ದಿಗಂಬರ ಸರ್ ಹಾಡಿನ ಗುಂಡಿ ಬಿಟ್ಟು ಫೋನು ಕೊಡು ಎಂದು ಕೈಸನ್ನೆ ಮಾಡಿದರು. ಬಂದದ್ದು ಒಂದು ಸಣ್ಣ ಹುಡುಗಿಯ ದನಿ. ಹಿಂದೆ ಟ್ರ್ಯಾಕ್ಟರಿನ ಸದ್ದು. ತಮ್ಮ ಆಯಿಯೂ ಇಲ್ಲೇ ಗುಡಿಸಲಿನಲ್ಲಿ ಕುಳಿತು ಕೇಳುತ್ತಿದ್ದಾಳೆ, ಅವಳೂ ಹಕ್ಕಿ ಕಾದವಳೇ, ಅವಳ ಹೆಸರು ಹೇಳಲೇ ಎಂದು ಕೇಳಿದಳು.

“ನೀ ಹೇಳಬ್ಯಾಡ ತಂಗಿ” ಅಂದಳು ಶಿವಾನಿ. “ಫೋನ ಆಯಿ ಕೈಯಾಗ ಕೊಡ. ಅವರು ಹೇಳೂತನಾ ನಾವು ಕಾಯತೇವಿ.”